ತೋಳ, ತಿಮಿಂಗಿಲ, ಬಾವಲಿ: ಅಲ್ಗಾರಿದಮ್ ಲೋಕದಲ್ಲಿ ಏನಿದು ಹೆಸರಿನ ಜಗಳ? ಇಲ್ಲಿದೆ ಮಾಹಿತಿ

ಬೂದು ತೋಳ, ತಿಮಿಂಗಿಲ, ಬಾವಲಿ, ಮಿಂಚುಹುಳು, ಕೋಗಿಲೆ. ಇವೆಲ್ಲ ಕಂಪ್ಯೂಟರ್ ಅಲ್ಗಾರಿದಮ್‌ಗಳ ಹೆಸರು ಎಂದರೆ ನಂಬುತ್ತೀರಾ? ನಿಸರ್ಗವನ್ನು ನೋಡಿ ಲೆಕ್ಕ ಬಿಡಿಸುವ 'ಎವಲ್ಯೂಷನರಿ ಕಂಪ್ಯೂಟೇಷನ್' ಎಂಬ ಸಂಶೋಧನಾ ಕ್ಷೇತ್ರದಲ್ಲಿ ಇಂತಹ ಹೆಸರುಗಳ ಬಗ್ಗೆ ಹಲವು ವರ್ಷಗಳಿಂದ ವಾದ ನಡೆಯುತ್ತಿದೆ. ಹೊಸ ಹೆಸರಿನೊಳಗೆ ಹೊಸ ವಿಚಾರ ಇದೆಯೇ ಅಥವಾ ಹಳೆಯ ಪಾತ್ರೆಗೇ ಹೊಸ ಕಲಾಯಿ ಹಾಕಲಾಗಿದೆಯೇ ಎಂಬುದು ಪ್ರಶ್ನೆ. ಮತ್ತೊಂದೆಡೆ, ಇದೇ ಕ್ಷೇತ್ರದ ಮೂಲ ತತ್ವವನ್ನು ಎಐ ಜೊತೆ ಸೇರಿಸಿ ಗೂಗಲ್‌ನಂತಹ ಕಂಪನಿಗಳು ಗಮನ ಸೆಳೆಯುವ ಫಲಿತಾಂಶ ಪಡೆದಿವೆ. ಹಾಗಾದರೆ ಈ ಕ್ಷೇತ್ರ ಯಾವುದು, ಜಗಳ ಯಾತಕ್ಕೆ, ಇದರಲ್ಲಿ ಭಾರತದ ಪಾತ್ರವೇನು? ವಿವರ ಇಲ್ಲಿದೆ.

ಏನಿದು ಎವಲ್ಯೂಷನರಿ ಕಂಪ್ಯೂಟೇಷನ್?

ರೈತರು ಸುಗ್ಗಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ಮುಂದಿನ ಬಿತ್ತನೆಗೆ ತೆಗೆದಿಡುತ್ತಾರೆ. ವರ್ಷದಿಂದ ವರ್ಷಕ್ಕೆ ತಳಿ ಸುಧಾರಿಸುತ್ತದೆ. ಕಂಪ್ಯೂಟರಿನಲ್ಲೂ ಇದನ್ನೇ ಮಾಡಬಹುದು ಎಂಬುದು ಈ ಕ್ಷೇತ್ರದ ತಿರುಳು.

ಒಂದು ಉದಾಹರಣೆ ನೋಡೋಣ. ಡೆಲಿವರಿ ಟೆಂಪೊ ಒಂದು 20 ಅಂಗಡಿಗಳಿಗೆ ಸಾಮಾನು ಹಾಕಬೇಕು. ಯಾವ ಅಂಗಡಿ ಮೊದಲು, ಯಾವುದು ಕೊನೆಗೆ? ಸಾಧ್ಯವಿರುವ ಕ್ರಮಗಳ ಸಂಖ್ಯೆ ಬರೆದರೆ 19 ಅಂಕಿಗಳಾಗುತ್ತವೆ. ಸೆಕೆಂಡಿಗೆ 10 ಲಕ್ಷ ಕ್ರಮಗಳನ್ನು ಪರಿಶೀಲಿಸುವ ಕಂಪ್ಯೂಟರ್ ಇದ್ದರೂ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 77 ಸಾವಿರ ವರ್ಷ ಬೇಕು.

ಹಾಗಾಗಿ ಎಲ್ಲವನ್ನೂ ನೋಡುವ ಬದಲು ಮನಸ್ಸಿಗೆ ಬಂದಂತೆ ನೂರು ಕ್ರಮಗಳನ್ನು ತೆಗೆದುಕೊಳ್ಳಲಾಗುತ್ತದೆ. ಅವುಗಳಲ್ಲಿ ಕಡಿಮೆ ದೂರದವನ್ನು ಉಳಿಸಿಕೊಳ್ಳಲಾಗುತ್ತದೆ. ಎರಡು ಒಳ್ಳೆಯ ಕ್ರಮಗಳ ಭಾಗಗಳನ್ನು ಬೆರೆಸಿ ಹೊಸದನ್ನು ಮಾಡುವುದು ಕ್ರಾಸ್‌ಓವರ್. ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡುವುದು ಮ್ಯುಟೇಷನ್. ಹೀಗೆ ಪೀಳಿಗೆಯಿಂದ ಪೀಳಿಗೆಗೆ ಉತ್ತರ ಸುಧಾರಿಸುತ್ತಾ ಹೋಗುತ್ತದೆ. ಅತ್ಯುತ್ತಮ ಉತ್ತರವೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಆದರೆ ಕೆಲಸಕ್ಕೆ ಬರುವಷ್ಟು ಒಳ್ಳೆಯ ಉತ್ತರ ಬೇಗ ಸಿಗುತ್ತದೆ.

ಶುರುವಾಗಿದ್ದು ಎಲ್ಲಿ?

1960ರ ದಶಕದಲ್ಲಿ ಇದು ಬೇರೆ ಬೇರೆ ಕಡೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದಂತೆ ಶುರುವಾಯಿತು. ಜರ್ಮನಿಯ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಗೋ ರೆಚೆನ್‌ಬರ್ಗ್ 1964ರಲ್ಲಿ ಗಾಳಿ ಸುರಂಗದೊಳಗೆ ಐದು ಕೀಲುಗಳಿದ್ದ ಒಂದು ಹಲಗೆಯನ್ನು ಇಟ್ಟು ಪ್ರಯೋಗ ನಡೆಸಿದರು. ಪ್ರತಿ ಕೀಲನ್ನೂ 51 ಸ್ಥಾನಗಳಲ್ಲಿ ನಿಲ್ಲಿಸಬಹುದಿತ್ತು. ಅಂದರೆ ಸುಮಾರು 34.5 ಕೋಟಿ ಆಕಾರಗಳು. ಕೀಲುಗಳನ್ನು ಗೊತ್ತುಗುರಿಯಿಲ್ಲದೆ ಸ್ವಲ್ಪ ಸ್ವಲ್ಪವೇ ತಿರುಗಿಸುವುದು, ಗಾಳಿಯ ಎಳೆತ ಕಡಿಮೆಯಾದರೆ ಆ ಆಕಾರ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಹಿಂದಿನದಕ್ಕೆ ಮರಳುವುದು. ಇಷ್ಟೇ ನಿಯಮ. ಅಂಕುಡೊಂಕಾಗಿದ್ದ ಹಲಗೆ ಕೊನೆಗೆ ಹೆಚ್ಚುಕಡಿಮೆ ಚಪ್ಪಟೆಯಾಯಿತು. ರೆಚೆನ್‌ಬರ್ಗ್ ಮತ್ತು ಹಾನ್ಸ್ ಪೌಲ್ ಶ್ವೆಫೆಲ್ ಬೆಳೆಸಿದ ಈ ವಿಧಾನವೇ 'ಎವಲ್ಯೂಷನ್ ಸ್ಟ್ರ್ಯಾಟಜಿ'.

ಅಮೆರಿಕದಲ್ಲಿ ಲಾರೆನ್ಸ್ ಫೋಗೆಲ್ 'ಎವಲ್ಯೂಷನರಿ ಪ್ರೋಗ್ರಾಮಿಂಗ್' ರೂಪಿಸಿದರು. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಹಾಲೆಂಡ್ 1975ರಲ್ಲಿ ಪ್ರಕಟಿಸಿದ ಪುಸ್ತಕ 'ಜೆನೆಟಿಕ್ ಅಲ್ಗಾರಿದಮ್'ಗೆ ತಳಹದಿಯಾಯಿತು. ಈ ಪ್ರತ್ಯೇಕ ಗುಂಪುಗಳು ಒಂದೇ ಕ್ಷೇತ್ರವಾಗಿ ಗುರುತಿಸಿಕೊಂಡಿದ್ದು 1990ರ ದಶಕದಲ್ಲಿ.

ಸಂಶೋಧಕರು ಸೇರುವುದು ಎಲ್ಲಿ?

ಜೆನೆಟಿಕ್ ಅಲ್ಗಾರಿದಮ್ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1985ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆಯಿತು. ಯುರೋಪಿನಲ್ಲಿ 'ಪಿಪಿಎಸ್‌ಎನ್' ಸಮ್ಮೇಳನ 1990ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಶುರುವಾಯಿತು. 1999ರಿಂದ ಪ್ರತಿವರ್ಷ ನಡೆಯುತ್ತಿರುವ 'ಗೆಕ್ಕೊ' ಈ ಕ್ಷೇತ್ರದ ದೊಡ್ಡ ಕೂಟಗಳಲ್ಲಿ ಒಂದು. 2024ರಲ್ಲಿ ಇದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, 2025ರಲ್ಲಿ ಸ್ಪೇನ್‌ನ ಮಲಗಾದಲ್ಲಿ ನಡೆಯಿತು.

ಗೆಕ್ಕೊದಲ್ಲಿ 2004ರಿಂದ 'ಹ್ಯೂಮೀಸ್' ಎಂಬ ಪ್ರಶಸ್ತಿ ಕೊಡಲಾಗುತ್ತಿದೆ. ಮನುಷ್ಯ ತಜ್ಞರ ಕೆಲಸಕ್ಕೆ ಸರಿಸಮಾನವಾದ ಫಲಿತಾಂಶವನ್ನು ಅಲ್ಗಾರಿದಮ್ ತಂದಿದ್ದರೆ ಮಾತ್ರ ಈ ಗೌರವ. ಮೊದಲ ವರ್ಷ ಇದನ್ನು ಗೆದ್ದವರಲ್ಲಿ ನಾಸಾ ತಂಡವೂ ಸೇರಿತ್ತು. ಕಂಪ್ಯೂಟರಿನಲ್ಲಿ ವಿಕಾಸಗೊಂಡ ಅವರ ಆಂಟೆನಾ ಅಡ್ಡಾದಿಡ್ಡಿ ಬಗ್ಗಿಸಿದ ತಂತಿಯ ತುಂಡಿನಂತೆ ಕಾಣುತ್ತಿತ್ತು. ಆದರೂ ಅಗತ್ಯ ಪರೀಕ್ಷೆಗಳಲ್ಲಿ ಪಾಸಾಗಿ, 2006ರ ಮಾರ್ಚ್‌ನಲ್ಲಿ 'ಎಸ್‌ಟಿ5' ಕಿರು ಉಪಗ್ರಹಗಳ ಜೊತೆ ಬಾಹ್ಯಾಕಾಶಕ್ಕೆ ಹೋಯಿತು.

ಭಾರತದ ಕೊಡುಗೆ ಏನು?

ಈ ಕ್ಷೇತ್ರದಲ್ಲಿ ಬೆಂಗಳೂರಿನ ಹೆಸರು ಮೂರು ದಶಕದ ಹಿಂದೆಯೇ ದಾಖಲಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಲ್‌.ಎಂ. ಪಟ್ನಾಯಕ್ ಮತ್ತು ಎಂ. ಶ್ರೀನಿವಾಸ್ 1994ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಉಲ್ಲೇಖವಾಗುತ್ತದೆ. ಕ್ರಾಸ್‌ಓವರ್ ಮತ್ತು ಮ್ಯುಟೇಷನ್ ಎಷ್ಟಿರಬೇಕು ಎಂಬುದನ್ನು ಮೊದಲೇ ನಿಗದಿ ಮಾಡದೆ, ಉತ್ತರದ ಗುಣಮಟ್ಟ ನೋಡಿ ಬದಲಿಸಿಕೊಳ್ಳುವ ವಿಧಾನ ಅದು. ಚೆನ್ನಾಗಿರುವ ಉತ್ತರವನ್ನು ಹೆಚ್ಚು ಕೆದಕಬಾರದು, ಕಳಪೆ ಉತ್ತರವನ್ನು ಚೆನ್ನಾಗಿ ಕಲಕಬೇಕು ಎಂಬುದು ಅದರ ಸರಳ ಅರ್ಥ.

ಇದಕ್ಕಿಂತಲೂ ಹೆಚ್ಚು ಹೆಸರು ಮಾಡಿದ್ದು ಐಐಟಿ ಕಾನ್ಪುರದಲ್ಲಿ ಹುಟ್ಟಿದ 'ಎನ್‌ಎಸ್‌ಜಿಎ-2'. ಪ್ರೊ. ಕಲ್ಯಾಣ್ಮಯ್ ದೇಬ್ ಮತ್ತು ಅವರ ಮೂವರು ಸಹ ಲೇಖಕರ ಈ ಪ್ರಬಂಧ 2002ರಲ್ಲಿ ಪ್ರಕಟವಾಯಿತು. ಮುಂಬೈನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಬಿಡಿಸುವ ಸಮಸ್ಯೆ ಚೆನ್ನಾಗಿ ಗೊತ್ತು. ಸ್ಟೇಷನ್ ಹತ್ತಿರ ಬೇಕೆಂದರೆ ಬಾಡಿಗೆ ಜಾಸ್ತಿ, ಬಾಡಿಗೆ ಕಡಿಮೆ ಬೇಕೆಂದರೆ ಓಡಾಟ ಜಾಸ್ತಿ. ಇಂತಹ ಕಡೆ ಒಂದೇ ಸರಿಯುತ್ತರ ಇರುವುದಿಲ್ಲ. ಒಂದರಲ್ಲಿ ನಷ್ಟವಾಗದೆ ಇನ್ನೊಂದರಲ್ಲಿ ಲಾಭ ಸಾಧ್ಯವಿಲ್ಲ ಎನ್ನುವಂತಹ ಆಯ್ಕೆಗಳ ಪಟ್ಟಿಯನ್ನು ಎನ್‌ಎಸ್‌ಜಿಎ-2 ಹುಡುಕಿಕೊಡುತ್ತದೆ. ದೇಬ್ ಅವರಿಗೆ 2005ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 2011ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಸಂದಿವೆ. ನಂತರ ಅವರು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು.

ಹಾಗಾದರೆ ಜಗಳ ಯಾತಕ್ಕೆ?

ನಿಸರ್ಗದಿಂದ ಸ್ಫೂರ್ತಿ ಪಡೆಯುವುದು ತಪ್ಪಲ್ಲ. ಇರುವೆ ಸಾಲನ್ನು ನೋಡಿ ಮಾರ್ಕೊ ಡೊರಿಗೊ 1990ರ ದಶಕದ ಆರಂಭದಲ್ಲಿ ರೂಪಿಸಿದ ಅಲ್ಗಾರಿದಮ್, ಹಕ್ಕಿಗಳ ಹಿಂಡಿನ ಹಾರಾಟ ಆಧರಿಸಿ 1995ರಲ್ಲಿ ಬಂದ 'ಪಾರ್ಟಿಕಲ್ ಸ್ವಾರ್ಮ್' ವಿಧಾನ ನಿಜಕ್ಕೂ ಹೊಸದನ್ನು ಕೊಟ್ಟವು. ಆದರೆ ನಂತರ ಪ್ರಾಣಿ, ಪಕ್ಷಿ, ಕೀಟಗಳ ಹೆಸರಿನಲ್ಲಿ ಅಲ್ಗಾರಿದಮ್‌ಗಳ ಸಾಲೇ ಬಂತು. ಇವುಗಳಲ್ಲಿ ಎಷ್ಟು ಹೊಸವು ಎಂದು ಕೆಲವರು ಕೂತು ಪರಿಶೀಲಿಸಿದರು.

ಸಂಗೀತಗಾರರಿಂದ ಸ್ಫೂರ್ತಿ ಪಡೆದ 'ಹಾರ್ಮನಿ ಸರ್ಚ್' 1960ರ ದಶಕದ ಎವಲ್ಯೂಷನ್ ಸ್ಟ್ರ್ಯಾಟಜಿಯ ಒಂದು ವಿಶೇಷ ರೂಪವಷ್ಟೇ ಎಂದು ಡೆನಿಸ್ ವೇಲ್ಯಾಂಡ್ 2010ರಲ್ಲಿ ವಾದಿಸಿದರು. ಬೆಲ್ಜಿಯಂನ ಕೆನೆತ್ ಸೊರೆನ್ಸನ್ ಬರೆದ ಪ್ರಬಂಧ ಇಡೀ ಪ್ರವೃತ್ತಿಯನ್ನೇ ಪ್ರಶ್ನಿಸಿತು. ಬೂದು ತೋಳ, ತಿಮಿಂಗಿಲ, ಮಿಂಚುಹುಳು, ಬಾವಲಿ ಸೇರಿ ಆರು ಅಲ್ಗಾರಿದಮ್‌ಗಳಲ್ಲಿ ಹೊಸ ವಿಚಾರ ಇಲ್ಲ ಎಂದು ಡೊರಿಗೊ ಅವರೂ ಇದ್ದ ತಂಡ ಹೇಳಿತು. 2022ರಲ್ಲಿ ಹಲವು ಸಂಶೋಧಕರು ಒಟ್ಟಾಗಿ, ರೂಪಕಗಳ ಹೆಸರಿನಲ್ಲಿ ಬರುವ ಪ್ರಬಂಧಗಳಿಗೆ ಕಡಿವಾಣ ಹಾಕಿ ಎಂದು ಪತ್ರಿಕೆಗಳ ಸಂಪಾದಕರಿಗೆ ಬಹಿರಂಗ ಕರೆ ಕೊಟ್ಟರು. 'ಜರ್ನಲ್ ಆಫ್ ಹ್ಯೂರಿಸ್ಟಿಕ್ಸ್', 'ಸ್ವಾರ್ಮ್ ಇಂಟೆಲಿಜೆನ್ಸ್' ಪತ್ರಿಕೆಗಳು ಇಂತಹ ಬರಹಗಳ ಬಗ್ಗೆ ಈಗಾಗಲೇ ಬಿಗಿ ನಿಲುವು ತಳೆದಿವೆ.

ಪರೀಕ್ಷೆಯಲ್ಲೇ ದೋಷ

ಹೊಸ ಅಲ್ಗಾರಿದಮ್ ಹಳೆಯದಕ್ಕಿಂತ ಚೆನ್ನಾಗಿದೆ ಎಂದು ತೋರಿಸಲು ಸಿದ್ಧ ಗಣಿತ ಸಮಸ್ಯೆಗಳ ಮೇಲೆ ಓಡಿಸಿ ನೋಡುತ್ತಾರೆ. ಹೆಚ್ಚಾಗಿ ಬಳಸುವ ಹಲವು ಸಮಸ್ಯೆಗಳಲ್ಲಿ ಸರಿಯುತ್ತರ ಇರುವುದು ಸೊನ್ನೆಯಲ್ಲಿ, ಅಂದರೆ ಹುಡುಕಾಟದ ಜಾಗದ ನಟ್ಟನಡುವೆ. ಕೆಲವು ಅಲ್ಗಾರಿದಮ್‌ಗಳ ರಚನೆಯೇ ನಡುವಿನತ್ತ ವಾಲುವಂತಿದೆ ಎಂಬುದನ್ನು ಝೆಕ್ ಸಂಶೋಧಕ ಯಾಕೂಬ್ ಕುಡೇಲಾ 2022ರಲ್ಲಿ 'ನೇಚರ್ ಮೆಷಿನ್ ಇಂಟೆಲಿಜೆನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಪ್ರಶ್ನೆಪತ್ರಿಕೆಯ ಎಲ್ಲ ಉತ್ತರವೂ 'ಸಿ' ಆಗಿದ್ದು, ವಿದ್ಯಾರ್ಥಿ ಎಲ್ಲದಕ್ಕೂ 'ಸಿ' ಗುರುತು ಹಾಕಿ ನೂರಕ್ಕೆ ನೂರು ತೆಗೆದಂತೆ ಇದು. ಸರಿಯುತ್ತರವನ್ನು ನಡುವಿನಿಂದ ಸ್ವಲ್ಪ ಸರಿಸಿದರೆ ಸಾಕು, ಆ ಮೇಲುಗೈ ಕರಗಿಹೋಗುತ್ತದೆ.

ಇದು ಕೇವಲ ಪಂಡಿತರ ಜಗಳವಲ್ಲ. ಇಂತಹ ಅಲ್ಗಾರಿದಮ್ ನಂಬಿ ಪಿಎಚ್‌ಡಿಗೆ ಮೂರ್ನಾಲ್ಕು ವರ್ಷ ಕೊಟ್ಟ ವಿದ್ಯಾರ್ಥಿಯ ಶ್ರಮ ವ್ಯರ್ಥವಾಗಬಹುದು. ವಿದ್ಯುತ್ ಜಾಲ ಅಥವಾ ಯಂತ್ರದ ವಿನ್ಯಾಸಕ್ಕೆ ಅದನ್ನು ಬಳಸಿದ ಎಂಜಿನಿಯರ್‌ಗೆ ಕಳಪೆ ಉತ್ತರ ಸಿಗಬಹುದು.

ಎಐ ಯುಗದಲ್ಲಿ ಮತ್ತೆ ಬೇಡಿಕೆ

ಈ ವಾದದ ನಡುವೆಯೇ ಹಳೆಯ ತತ್ವಕ್ಕೆ ಹೊಸ ಬಳಕೆ ಸಿಕ್ಕಿದೆ. ಗೂಗಲ್ ಡೀಪ್‌ಮೈಂಡ್ 2023ರ ಡಿಸೆಂಬರ್‌ನಲ್ಲಿ 'ಫನ್‌ಸರ್ಚ್', 2025ರ ಮೇ ತಿಂಗಳಲ್ಲಿ 'ಆಲ್ಫಾಇವಾಲ್ವ್' ಪ್ರಕಟಿಸಿತು. ಎರಡರಲ್ಲೂ ಭಾಷಾ ಮಾದರಿ ಪ್ರೋಗ್ರಾಂ ಬರೆಯುತ್ತದೆ, ಇನ್ನೊಂದು ವ್ಯವಸ್ಥೆ ಅದನ್ನು ಓಡಿಸಿ ಅಂಕ ಕೊಡುತ್ತದೆ, ಹೆಚ್ಚು ಅಂಕ ಪಡೆದವು ಮುಂದಿನ ಸುತ್ತಿಗೆ ಹೋಗುತ್ತವೆ. ಸಂಕೀರ್ಣ ಸಂಖ್ಯೆಗಳಿರುವ ನಾಲ್ಕು ಸಾಲು, ನಾಲ್ಕು ಕಂಬಸಾಲಿನ ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸಲು 1969ರ ಸ್ಟ್ರಾಸೆನ್ ವಿಧಾನದಲ್ಲಿ 49 ಗುಣಾಕಾರ ಬೇಕಿತ್ತು. ಆಲ್ಫಾಇವಾಲ್ವ್ 48ರಲ್ಲೇ ಮುಗಿಸುವ ದಾರಿ ಕಂಡುಕೊಂಡಿದೆ ಎಂದು ಕಂಪನಿ ಹೇಳಿದೆ. ಇಲ್ಲಿ ಭಾಷಾ ಮಾದರಿ ತಪ್ಪು ಬರೆದರೂ ತೊಂದರೆಯಿಲ್ಲ, ಅಂಕ ಕೊಡುವ ವ್ಯವಸ್ಥೆ ಅದನ್ನು ಹೊರಗಿಡುತ್ತದೆ. ಅಂಕ ಕೊಡುವುದರಲ್ಲೇ ತಪ್ಪಾದರೆ ಮಾತ್ರ ಎಲ್ಲವೂ ಕೆಡುತ್ತದೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು

* ಪ್ರಾಣಿಯ ಹೆಸರು, ಕಥೆ ತೆಗೆದುಹಾಕಿ ಬರೀ ಸೂತ್ರಗಳನ್ನು ಓದಿ. ಹಳೆಯ ವಿಧಾನಕ್ಕಿಂತ ಏನು ಬೇರೆ ಎಂದು ಒಂದು ವಾಕ್ಯದಲ್ಲಿ ಹೇಳಲು ಬರುತ್ತದೆಯೇ ನೋಡಿ.
* ಹೋಲಿಕೆ ಯಾವುದರ ಜೊತೆ ಮಾಡಿದ್ದಾರೆ? ಇಂದಿನ ಬಲವಾದ ವಿಧಾನಗಳನ್ನು ಬಿಟ್ಟು ದುರ್ಬಲ ವಿಧಾನಗಳನ್ನು ಸೋಲಿಸಿದ್ದರೆ ಅದಕ್ಕೆ ಬೆಲೆ ಕಡಿಮೆ.
* ಸರಿಯುತ್ತರವನ್ನು ಸೊನ್ನೆಯಿಂದ ಬೇರೆಡೆಗೆ ಸರಿಸಿ ಪರೀಕ್ಷಿಸಿದ್ದಾರೆಯೇ?
* ಎಲ್ಲ ಸಮಸ್ಯೆಗೂ ಇದೇ ಶ್ರೇಷ್ಠ ಎಂದಿದ್ದರೆ ಎಚ್ಚರ. ಸಾಧ್ಯವಿರುವ ಎಲ್ಲ ಸಮಸ್ಯೆಗಳ ಸರಾಸರಿಯಲ್ಲಿ ಯಾವ ಹುಡುಕಾಟ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲ ಎಂದು ವೋಲ್ಪರ್ಟ್ ಮತ್ತು ಮೆಕ್ರೆಡಿ 1997ರಲ್ಲೇ ಸಾಧಿಸಿದ್ದಾರೆ.
* ಪ್ರೋಗ್ರಾಂ ಕೋಡ್ ಎಲ್ಲರಿಗೂ ಸಿಗುವಂತಿದೆಯೇ? ನೀವೇ ಓಡಿಸಿದಾಗ ಅದೇ ಫಲಿತಾಂಶ ಬರುತ್ತದೆಯೇ?

ಪ್ರಾಜೆಕ್ಟ್‌ಗೆ ಅಲ್ಗಾರಿದಮ್ ಆರಿಸುವ ಮೊದಲು ಈ ಐದನ್ನೂ ಗೈಡ್ ಜೊತೆ ಕೂತು ನೋಡಿಕೊಳ್ಳುವುದು ಒಳ್ಳೆಯದು. ಗಾಳಿ ಸುರಂಗದಲ್ಲಿ ಹಲಗೆ ತಿರುಗಿಸಿದ ರೆಚೆನ್‌ಬರ್ಗ್ ಅವರ ನಿಯಮವೂ ಇಷ್ಟೇ ಆಗಿತ್ತು: ಅಳೆದು ನೋಡಿ, ಒಳ್ಳೆಯದಿದ್ದರೆ ಇಟ್ಟುಕೊಳ್ಳಿ, ಇಲ್ಲವಾದರೆ ಬಿಡಿ. ಸಂಶೋಧಕರು ಈಗ ಅದೇ ನಿಯಮವನ್ನು ತಮ್ಮ ಪ್ರಬಂಧಗಳಿಗೂ ಅನ್ವಯಿಸಿ ಎಂದು ಕೇಳುತ್ತಿದ್ದಾರೆ.