ಹರಟೆಯಿಂದ ಹುಟ್ಟಿದ ಚಿತ್ರ

ಸಿನಿಮಾ ನೋಡಿ ಬಂದು ಅದರ ಗುಣದೋಷಗಳನ್ನು ಹರಟುವುದು ಕೆಲಸವಿಲ್ಲದವರ ಕಾಲಹರಣವೆಂದು ಹಿರಿಯರ ತೀರ್ಪು. ಆದರೆ ಅಂಥ ಹರಟೆಯೇ ಒಂದು ಕಲೆಯ ದಿಕ್ಕನ್ನು ತಿರುಗಿಸಿದ ನಿದರ್ಶನ ನಮ್ಮ ದೇಶದಲ್ಲಿಯೇ ಉಂಟು.

1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದ ಮಿತ್ರರು ಕಲ್ಕತ್ತ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. ಅವರು ಮೊದಲು ತೋರಿಸಿದ್ದು ಐಸೆನ್‌ಸ್ಟೈನನ 'ಬ್ಯಾಟಲ್‌ಷಿಪ್ ಪೊಟೆಮ್ಕಿನ್'. ಚಿತ್ರ ನೋಡುವುದು, ಬಳಿಕ ಅದನ್ನು ಕುರಿತು ವಾದಿಸುವುದು, ಇದೇ ಅವರ ಕಾರ್ಯಕ್ರಮ. ಆಗ ಜಾಹೀರಾತು ಸಂಸ್ಥೆಯೊಂದರಲ್ಲಿ ಕಲಾವಿದರಾಗಿದ್ದ ರಾಯ್ ಅವರಿಗೆ ಇನ್ನೊಂದು ಹವ್ಯಾಸವಿತ್ತು. ಯಾವುದಾದರೊಂದು ಕಥೆ ಚಿತ್ರವಾಗಲಿದೆಯೆಂಬ ಸುದ್ದಿ ಬಂದೊಡನೆ ತಾವೇ ಅದಕ್ಕೊಂದು ಚಿತ್ರಕಥೆ ಬರೆದಿಟ್ಟುಕೊಳ್ಳುವರು. ಚಿತ್ರ ತೆರೆಕಂಡಾಗ ಎರಡನ್ನೂ ಹೋಲಿಸಿ ನೋಡುವರು. 1948ರಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ ಭಾರತೀಯ ಚಿತ್ರಗಳ ದೋಷಗಳನ್ನು ನಿರ್ದಾಕ್ಷಿಣ್ಯವಾಗಿ ಎತ್ತಿ ಆಡಿದರು. ದೋಷ ಹೇಳಿದವನ ಮೇಲೆ ಮಾಡಿ ತೋರಿಸುವ ಋಣವೂ ಬೀಳುತ್ತದೆ. 1955ರ 'ಪಥೇರ್ ಪಾಂಚಾಲಿ'ಯಿಂದ ರಾಯ್ ಆ ಋಣವನ್ನು ತೀರಿಸಿದರು.

1959ರಲ್ಲಿ ಇಂಥ ಸಂಘಗಳ ಅಖಿಲ ಭಾರತ ಒಕ್ಕೂಟ ಹುಟ್ಟಿತು. ರಾಯ್ ಅದರ ಅಧ್ಯಕ್ಷರಾದರು. 1971ರಲ್ಲಿ ಬೆಂಗಳೂರಿನಲ್ಲಿಯೂ ಸುಚಿತ್ರ ಫಿಲ್ಮ್ ಸೊಸೈಟಿ ತಲೆಯೆತ್ತಿತು.

ಹರಟುವವರೆಲ್ಲರೂ ರಾಯ್ ಆಗಲಾರರು, ನಿಜ. ಆದರೆ ಕೊಟ್ಟದ್ದನ್ನೆಲ್ಲ ಮೌನವಾಗಿ ನುಂಗುವ ಪ್ರೇಕ್ಷಕನಿಗೆ ಒಳ್ಳೆಯ ಚಿತ್ರವನ್ನು ಯಾರು ತಾನೇ ಮಾಡಿಕೊಟ್ಟಾರು?