ನಾರುಹುಣ್ಣು: ಗೊತ್ತಿದ್ದ ಮಾತು ಹಳ್ಳಿಗೆ ತಲುಪಿದ ಕಥೆ

ನಮ್ಮ ಅಜ್ಜಿಯ ಎಡಗಾಲಿನ ಗಂಟಿನ ಮೇಲೆ ನಾಣ್ಯದಗಲದ ಒಂದು ಕಲೆ ಇದೆ. ಚಿಕ್ಕವನಿದ್ದಾಗ ಅದು ಬೆಂಕಿ ತಾಗಿದ ಗುರುತು ಅಂದುಕೊಂಡಿದ್ದೆ. ಪಿಎಚ್‌ಡಿಗೆಂದು ಸಾರ್ವಜನಿಕ ಆರೋಗ್ಯದ ಇತಿಹಾಸ ಓದಲು ಶುರುಮಾಡಿದ ಮೇಲೆ ಒಮ್ಮೆ ರಾಯಚೂರು ಜಿಲ್ಲೆಯ ನಮ್ಮೂರಿಗೆ ಹೋದಾಗ, ಮಾತಿಗೆ ಮಾತು ಬಂದು ಅಜ್ಜಿ ಹೇಳಿದಳು: ಅದು ನಾರು ಹೊರಬಿದ್ದ ಜಾಗ. ಮದುವೆಯಾದ ಹೊಸತರಲ್ಲಿ, ಬೇಸಿಗೆಯಲ್ಲಿ, ಮೊದಲು ಉರಿ, ಆಮೇಲೆ ಬೊಬ್ಬೆ, ಅದು ಒಡೆದ ಮೇಲೆ ಬಿಳಿ ದಾರದಂಥ ಹುಳ. ಒಂದೂವರೆ ತಿಂಗಳು ನೆಲಕ್ಕೆ ಕಾಲೂರಲು ಆಗಲಿಲ್ಲವಂತೆ. ಮರುವರ್ಷ ಇನ್ನೊಂದು ಕಾಲಿನಲ್ಲಿ ಮತ್ತೆ ಬಂತಂತೆ.

ನಾನು ಓದಿಕೊಂಡದ್ದನ್ನು ಉತ್ಸಾಹದಿಂದ ಹೇಳಿದೆ. ಆ ಹುಳ ಬಂದದ್ದು ಕುಡಿಯುವ ನೀರಿನಿಂದ, ಹಿಂದಿನ ವರ್ಷ ಕುಡಿದ ನೀರಿನಿಂದ; ಬಟ್ಟೆಯಲ್ಲಿ ಸೋಸಿ ಕುಡಿದಿದ್ದರೆ ಬರುತ್ತಿರಲಿಲ್ಲ; ಇದನ್ನು ನಿನ್ನ ಮದುವೆಗೆ ನೂರು ವರ್ಷ ಮೊದಲೇ ಕಂಡುಹಿಡಿದಿದ್ದರು ಎಂದೆಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಷ್ಟು ದಿನದ ಹಿಂದ ಗೊತ್ತಿತ್ತಂದ್ರ ನಮಗ್ಯಾಕ ಹೇಳಲಿಲ್ಲ?"

ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ನಾರುಹುಣ್ಣು ಇಂದಿನ ಹುಡುಗರಿಗೆ ಹೆಸರೂ ಗೊತ್ತಿಲ್ಲದ ರೋಗ. ಇಂಗ್ಲಿಷಿನಲ್ಲಿ ಗಿನಿ ವರ್ಮ್. ಮರಾಠಿ, ಹಿಂದಿಯವರು ನಾರೂ ಎನ್ನುತ್ತಾರೆ. ಹಳೆಯ ಸಂಸ್ಕೃತ ವೈದ್ಯಗ್ರಂಥಗಳು ಸ್ನಾಯುಕ ಎನ್ನುತ್ತವೆ. ಗ್ರೀಕರಿಗೂ ಅರಬರಿಗೂ ಅದು ಗೊತ್ತಿತ್ತು. ಅದರ ಶಾಸ್ತ್ರೀಯ ಹೆಸರಿನ 'ಮೆಡಿನೆನ್ಸಿಸ್' ಎಂಬ ಭಾಗ ಮದೀನಾ ನಗರದಿಂದ ಬಂದದ್ದು. ಇಷ್ಟು ಹಳೆಯ ರೋಗಕ್ಕೆ ಇವತ್ತಿಗೂ ಲಸಿಕೆ ಇಲ್ಲ, ಹುಳವನ್ನು ಕೊಲ್ಲುವ ಔಷಧಿಯೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರದಂತೆ ಕಾಯುವ ಪ್ರತಿರೋಧ ಶಕ್ತಿಯೂ ಹುಟ್ಟುವುದಿಲ್ಲ. ಆದರೂ ಅದು ಭಾರತದಿಂದ ಹೋಯಿತು. ಹೇಗೆ ಹೋಯಿತು ಎಂದು ತಿಳಿಯಲು ಅದು ಹೇಗೆ ಬರುತ್ತಿತ್ತು ಎಂಬುದನ್ನು ಮೊದಲು ನೋಡಬೇಕು.

ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ನೀರುಚಿಗಟ ಇರುತ್ತದೆ, ಸಾಸಿವೆಗಿಂತ ಚಿಕ್ಕದು. ನಾರುಹುಳದ ಮರಿಯನ್ನು ಅದು ನುಂಗಿದರೆ, ಸುಮಾರು ಎರಡು ವಾರದಲ್ಲಿ ಆ ಮರಿ ಅದರ ಹೊಟ್ಟೆಯೊಳಗೆ ಬಲಿಯುತ್ತದೆ. ಆ ನೀರನ್ನು ಮನುಷ್ಯ ಕುಡಿದಾಗ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿಗಳು ಉಳಿಯುತ್ತವೆ. ಕರುಳಿನ ಗೋಡೆ ದಾಟಿ ದೇಹದೊಳಗೆ ಬೆಳೆಯುತ್ತವೆ. ಗಂಡು ಸಾಯುತ್ತದೆ. ಹೆಣ್ಣು ಹುಳ ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆದು, ಒಂದು ಮೀಟರಿನವರೆಗೂ ಉದ್ದವಾಗಿ, ಸಾಮಾನ್ಯವಾಗಿ ಕಾಲಿಗೆ ಇಳಿದು ಚರ್ಮದ ಕೆಳಗೆ ಬೊಬ್ಬೆ ಎಬ್ಬಿಸುತ್ತದೆ. ಅದರ ಉರಿ ತಡೆಯಲಾರದೆ ರೋಗಿ ಕಾಲನ್ನು ನೀರಿಗೆ ಇಡುತ್ತಾನೆ. ನೀರು ತಾಕಿದ ಕೂಡಲೇ ಬೊಬ್ಬೆ ಒಡೆದು ಹುಳ ಲಕ್ಷಗಟ್ಟಲೆ ಮರಿಗಳನ್ನು ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ನುಂಗುತ್ತದೆ, ಚಕ್ರ ಮತ್ತೆ ಶುರು.

ಇದಕ್ಕೆ ಹೇಳಿ ಮಾಡಿಸಿದ ಜಾಗ ನಮ್ಮ ಮೆಟ್ಟಿಲುಬಾವಿ. ಹಗ್ಗ, ರಾಟೆ ಬೇಕಿಲ್ಲ. ಕೊಡ ಹೊತ್ತವರು ಮೆಟ್ಟಿಲಿಳಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಕೊಡ ತುಂಬಿಕೊಳ್ಳುತ್ತಾರೆ. ಅದೇ ನೀರು ಮನೆಯ ಹರವಿಗೆ ಹೋಗುತ್ತದೆ. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಸೈಕ್ಲಾಪ್ಸ್ ಇನ್ನೂ ದಟ್ಟವಾಗುತ್ತದೆ. ಹೋದ ಬೇಸಿಗೆಯಲ್ಲಿ ಕುಡಿದ ನೀರಿನ ಹುಳ ಹೊರಬರುವುದೂ ಈ ಬೇಸಿಗೆಯಲ್ಲೇ. ಮುಂಗಾರಿನ ಮೊದಲ ಮಳೆ ಬಿದ್ದು ಹೊಲಕ್ಕೆ ಇಳಿಯಬೇಕಾದ ಹೊತ್ತಿಗೆ ಮನೆಯಲ್ಲಿ ಇಬ್ಬರು ಮೂವರು ಮಂಚ ಹಿಡಿದಿರುತ್ತಿದ್ದರು. ಆಫ್ರಿಕಾದ ಮಾಲಿ ದೇಶದ ಡೋಗನ್ ಜನ ಇದನ್ನು ಬರಿದಾದ ಕಣಜದ ರೋಗ ಎಂದು ಕರೆದದ್ದು ಸುಮ್ಮನೆ ಅಲ್ಲ. ನಾರುಹುಣ್ಣು ಜೀವ ತೆಗೆಯುತ್ತಿದ್ದುದು ಅಪರೂಪ, ಆದರೆ ಬಿತ್ತನೆ ತಪ್ಪಿಸಿ ಇಡೀ ವರ್ಷದ ಅನ್ನ ಕಸಿಯುತ್ತಿತ್ತು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಯಾರಿಗೆ, ಯಾವಾಗ ಗೊತ್ತಿತ್ತು?

1870ರ ಸುಮಾರಿಗೆ ಅಲೆಕ್ಸಿ ಫೆಡ್ಚೆಂಕೊ ಎಂಬ ಇಪ್ಪತ್ತಾರರ ತರುಣ ರಷ್ಯನ್ ವಿಜ್ಞಾನಿ ಮಧ್ಯ ಏಷ್ಯಾದ ತುರ್ಕಿಸ್ತಾನದಲ್ಲಿ ಈ ಹುಳದ ಮರಿಗಳು ಸೈಕ್ಲಾಪ್ಸ್‌ನೊಳಗೆ ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಮೂರು ವರ್ಷಗಳ ನಂತರ ಆಲ್ಪ್ಸ್‌ನ ಹಿಮದಲ್ಲಿ ಸಿಕ್ಕಿ ಸತ್ತ. ಅವನ ಮಾತನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. ಹುಳ ಚರ್ಮದ ಮೂಲಕ ಒಳಹೋಗುತ್ತದೆ ಎಂಬ ವಾದ ಇನ್ನೂ ಜೋರಾಗಿತ್ತು. ಹುಳ ಕಾಲಿನಲ್ಲಿ ಕಾಣಿಸುತ್ತದೆ, ಕಾಲು ನೀರಿನಲ್ಲಿ ಇರುತ್ತದೆ, ಹಾಗಾದರೆ ಅಲ್ಲಿಂದಲೇ ಹೋಗಿರಬೇಕು ಎಂಬ ತರ್ಕ. 1910ರ ದಶಕದಲ್ಲಿ ಬೊಂಬಾಯಿಯ ಪ್ರಯೋಗಾಲಯದಲ್ಲಿ ತುರ್ಖುಡ್ ಎಂಬ ವೈದ್ಯರು, ಸೈಕ್ಲಾಪ್ಸ್ ಇರುವ ನೀರು ಕುಡಿದರೆ ಮನುಷ್ಯನಿಗೆ ರೋಗ ಬರುತ್ತದೆ ಎಂಬುದನ್ನು ತೋರಿಸಿದರು.

ಮುಂದಿನ ಮುಖ್ಯ ಅಧ್ಯಾಯ ನಡೆದದ್ದು ನಮ್ಮಲ್ಲೇ, ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ. 1930ರ ದಶಕದಲ್ಲಿ ವಿ. ಎನ್. ಮೂರ್ತಿ ಎಂಬ ವೈದ್ಯರು ಅಲ್ಲಿನ ಹಳ್ಳಿಗಳ ಬಾವಿಗಳನ್ನೂ ರೋಗಿಗಳನ್ನೂ ಅಧ್ಯಯನ ಮಾಡಿದರು. ರಾಕ್‌ಫೆಲರ್ ಪ್ರತಿಷ್ಠಾನದಿಂದ ಮೈಸೂರಿಗೆ ಬಂದಿದ್ದ ಡಬ್ಲ್ಯು. ಸಿ. ಸ್ವೀಟ್ ಅವರ ಜೊತೆಗಿದ್ದರು. ಇಬ್ಬರೂ ಸೇರಿ ಮೆಟ್ಟಿಲುಬಾವಿಗಳಿಗೆ ಸೈಕ್ಲಾಪ್ಸ್ ತಿನ್ನುವ ಮೀನು ಬಿಟ್ಟು ರೋಗ ತಡೆಯುವ ವಿಧಾನವನ್ನು 1936ರಲ್ಲಿ ಪ್ರಕಟಿಸಿದರು. ಬಾವಿ ಮುಚ್ಚಬೇಕಿಲ್ಲ, ರಾಸಾಯನಿಕ ಸುರಿಯಬೇಕಿಲ್ಲ, ಮೀನು ಸಾಕು ಎಂಬಷ್ಟು ಸರಳವಾದ ಯೋಚನೆ. ಮೂರ್ತಿಯವರ ಬರಹಗಳು ಇವತ್ತಿಗೂ ಈ ವಿಷಯದ ಸಂಶೋಧಕರು ತಿರುವಿಹಾಕುವ ಪುಟಗಳು.

ಅವು ಇದ್ದದ್ದು ಇಂಗ್ಲಿಷಿನಲ್ಲಿ, ವೈದ್ಯಕೀಯ ಪತ್ರಿಕೆಗಳಲ್ಲಿ. ಚಿತ್ರದುರ್ಗದಿಂದ ರಾಯಚೂರು ತೀರಾ ದೂರವೇನಲ್ಲ, ಆದರೆ ಆಗ ರಾಯಚೂರು ನಿಜಾಮರ ಹೈದರಾಬಾದಿನಲ್ಲಿತ್ತು, ಸರ್ಕಾರ ಬೇರೆ, ಆಡಳಿತದ ಭಾಷೆ ಬೇರೆ. ಏಕೀಕರಣವಾದ ಮೇಲೂ ಆ ಜ್ಞಾನ ತಾನಾಗಿ ನಡೆದು ಬರಲಿಲ್ಲ. ಸಿಡುಬಿಗೆ ಲಸಿಕೆಯಿತ್ತು, ಮಲೇರಿಯಾಕ್ಕೆ ಡಿಡಿಟಿ ಇತ್ತು. ಸರ್ಕಾರಗಳು ಅವುಗಳ ಬೆನ್ನು ಹತ್ತಿದವು. ಸಾಯಿಸದ, ಬಡವರ ಕಾಲಿಗೆ ಮಾತ್ರ ಬರುವ, ಸೂಜಿಯೂ ಗುಳಿಗೆಯೂ ಇಲ್ಲದ ರೋಗಕ್ಕೆ ಇಲಾಖೆಯ ಪಟ್ಟಿಯಲ್ಲಿ ಕೊನೆಯ ಸಾಲು. ಅಜ್ಜಿಗೆ ಯಾರೂ ಹೇಳದಿರಲು ಇದು ಮೊದಲ ಕಾರಣ.

ಎರಡನೆಯ ಕಾರಣ ರೋಗದ ಸ್ವಭಾವದಲ್ಲೇ ಇದೆ, ನನಗೆ ಹೆಚ್ಚು ಕಾಡುವುದು ಇದೇ. ಇವತ್ತು ಬಿಸಿ ಪಾತ್ರೆ ಮುಟ್ಟಿದರೆ ಇವತ್ತೇ ಸುಡುತ್ತದೆ, ಆ ಪಾಠವನ್ನು ಯಾರೂ ಕಲಿಸಬೇಕಿಲ್ಲ. ಆದರೆ ಹೋದ ವರ್ಷದ ಒಂದು ಲೋಟ ನೀರಿಗೂ ಈ ವರ್ಷದ ಹುಳಕ್ಕೂ ಸಂಬಂಧವಿದೆ ಎಂದು ಯಾರ ಅನುಭವ ಹೇಳೀತು? ಅದೇ ಬಾವಿಯ ನೀರನ್ನು ಊರೆಲ್ಲ ಕುಡಿಯುತ್ತದೆ, ಕೆಲವರಿಗೆ ಮಾತ್ರ ಹುಳ ಬರುತ್ತದೆ. ಜನ ಅದನ್ನು ದೇವರ ಕಾಟಕ್ಕೋ, ತಿಂದ ಪದಾರ್ಥಕ್ಕೋ, ಮೈಯೊಳಗಿನ ನರಕ್ಕೋ ಜೋಡಿಸಿದ್ದು ಮೂಢತನದಿಂದಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದ್ದರಿಂದ. ಬೊಂಬಾಯಿಯ ವಿದ್ಯಾವಂತ ವೈದ್ಯರೇ ದಶಕಗಳ ಕಾಲ ಚರ್ಮದ ವಾದ ಹಿಡಿದು ಕೂತಿದ್ದರು ಎಂಬುದನ್ನು ಮರೆಯಬಾರದು.

ಅಲ್ಲದೆ ಜನಕ್ಕೆ ಏನೂ ತಿಳಿದಿರಲಿಲ್ಲ ಎಂಬುದೂ ಸುಳ್ಳು. ಹುಳದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು, ಅವಸರ ಮಾಡಿ ಕಡಿದುಹೋದರೆ ಒಳಗೆ ಕೀವಾಗಿ ಕಾಲೇ ಹೋದೀತು ಎಂಬುದನ್ನು ಹಳ್ಳಿಯ ನಾಟಿ ವೈದ್ಯರು ಬಲ್ಲವರಾಗಿದ್ದರು. ಸಾವಿರಾರು ವರ್ಷ ಹಳೆಯ ಆ ವಿಧಾನವನ್ನೇ ಆಧುನಿಕ ವೈದ್ಯಕೀಯವೂ ಇಟ್ಟುಕೊಂಡಿದೆ, ಸ್ವಚ್ಛವಾದ ಪಟ್ಟಿಯೊಂದನ್ನು ಸೇರಿಸಿ. ಹುಳ ಹೋಗುವ ದಾರಿ ಊರಿಗೆ ಗೊತ್ತಿತ್ತು, ಬರುವ ದಾರಿ ಪತ್ರಿಕೆಗಳಿಗೆ ಗೊತ್ತಿತ್ತು. ಇಬ್ಬರೂ ಎದುರು ಕೂತು ಮಾತಾಡಿರಲಿಲ್ಲ.

ಆ ಮಾತುಕತೆ ಶುರುವಾದದ್ದು 1980ರ ದಶಕದಲ್ಲಿ. ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಹತ್ತು ವರ್ಷಗಳನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಸಾರಿತು. ಶುದ್ಧ ನೀರು ತಲುಪಿದೆಯೇ ಎಂದು ಅಳೆಯಲು ನಾರುಹುಣ್ಣಿಗಿಂತ ಒಳ್ಳೆಯ ಅಳತೆಗೋಲು ಇರಲಿಲ್ಲ, ಏಕೆಂದರೆ ಅದು ಬರುವುದು ಕುಡಿಯುವ ನೀರಿನಿಂದ ಮಾತ್ರ. ಭಾರತ ಸರ್ಕಾರ ಅದರ ನಿರ್ಮೂಲನ ಕಾರ್ಯಕ್ರಮ ಶುರುಮಾಡಿದಾಗ, 1984ರ ಲೆಕ್ಕದಲ್ಲಿ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ, ಸುಮಾರು 40 ಸಾವಿರ ರೋಗಿಗಳಿದ್ದರು. ಆ ಏಳರಲ್ಲಿ ಕರ್ನಾಟಕವೂ ಒಂದು.

ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು, ಹುಳದ ಚಿತ್ರ ತೋರಿಸಿ ಇಂಥದ್ದು ಯಾರಿಗಾದರೂ ಬಂದಿದೆಯೇ ಎಂದು ಕೇಳಿದರು. ಬಾವಿಗಳಿಗೆ ಟೆಮೆಫಾಸ್ ಎಂಬ ಔಷಧಿ ಹಾಕಿ ಸೈಕ್ಲಾಪ್ಸ್ ಕೊಂದರು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿದರು, ಕೈಪಂಪು ಹಾಕಿದರು. ಇವುಗಳ ಜೊತೆಗೆ ರೋಗಿಗೆ ಹೇಳಿದ್ದು ಎರಡೇ ಮಾತು: ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಳ ಬಂದ ಕಾಲನ್ನು ಬಾವಿಗೆ ಇಳಿಸಬೇಡಿ.

ಇಷ್ಟೇ ಎನಿಸಬಹುದು. ಆದರೆ ಎರಡನೆಯ ಮಾತನ್ನು ರೋಗಿಯ ಜಾಗದಲ್ಲಿ ನಿಂತು ಕೇಳಿ ನೋಡಿ. ಉರಿಯುವ ಕಾಲಿಗೆ ತಂಪು ಕೊಡುವ ಒಂದೇ ವಸ್ತು ನೀರು, ಅದಕ್ಕೆ ಕಾಲು ಇಡಬೇಡ ಎನ್ನಬೇಕು. ಅದೂ ತನಗಾಗಿ ಅಲ್ಲ, ಅವನಿಗೆ ಹುಳ ಆಗಲೇ ಬಂದಾಗಿದೆ. ಮುಂದಿನ ವರ್ಷ ಇನ್ಯಾರಿಗೋ ಬರದಿರಲೆಂದು. ಇದನ್ನು ಒರಟಾಗಿ ಹೇಳಿದರೆ ಊರಿಗೆ ರೋಗ ಹಚ್ಚಿದವನು ನೀನೇ ಎಂಬ ಆಪಾದನೆಯಾಗುತ್ತದೆ. ನಿಮ್ಮೂರ ಬಾವಿಯ ನೀರು ಕೆಟ್ಟದ್ದು ಎಂದರೆ, ತಲೆಮಾರುಗಳಿಂದ ಗಂಗೆಯೆಂದು ಪೂಜಿಸಿದ ನೀರಿಗೆ ಅವಮಾನ. ಅದಕ್ಕೇ ಹೇಳುವುದಕ್ಕಿಂತ ತೋರಿಸುವುದು ಕೆಲಸಕ್ಕೆ ಬಂತು. ಗಾಜಿನ ಲೋಟದಲ್ಲಿ ಬಾವಿಯ ನೀರು ಹಿಡಿದು ಬಿಸಿಲಿಗೆ ಒಡ್ಡಿದರೆ ಸೈಕ್ಲಾಪ್ಸ್ ಬಿಳಿ ಚುಕ್ಕೆಗಳಂತೆ ಜಿಗಿಯುವುದು ಬರಿಗಣ್ಣಿಗೇ ಕಾಣುತ್ತದೆ. ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ತೋರಿಸಿದರೆ ಚುಕ್ಕೆಗಳಿಲ್ಲ. ಒಂದು ವರ್ಷದ ಅಂತರವನ್ನು ಆ ಲೋಟ ಒಂದು ನಿಮಿಷಕ್ಕೆ ಇಳಿಸಿತು. ಅದನ್ನು ನೋಡಿದ ಹೆಂಗಸರು ಮನೆಗೆ ಹೋಗಿ ಸೀರೆಯ ತುಂಡು ಹುಡುಕುವುದಕ್ಕೆ ಉಪದೇಶದ ಅಗತ್ಯವಿರಲಿಲ್ಲ.

ಹಾಗೆಂದು ಎಲ್ಲ ಕೀರ್ತಿಯನ್ನೂ ತಿಳಿವಳಿಕೆಗೇ ಕೊಟ್ಟರೆ ಇತಿಹಾಸಕ್ಕೆ ಮೋಸ. ಕೊಳವೆಬಾವಿ ಬಾರದಿದ್ದರೆ, ಬಾವಿಯ ಮೆಟ್ಟಿಲು ಮುಚ್ಚದಿದ್ದರೆ ಬರೀ ಮಾತಿನಿಂದ ಈ ರೋಗ ಹೋಗುತ್ತಿರಲಿಲ್ಲ. ಮೇಲುಜಾತಿಯ ಬಾವಿಗೆ ಬರುವಂತಿಲ್ಲದೆ ಹೊಂಡದ ನೀರನ್ನೇ ಕುಡಿಯುತ್ತಿದ್ದ ಕೇರಿಗೆ ಶುದ್ಧ ನೀರು ಕುಡಿಯಿರಿ ಎಂದು ಹೇಳುವುದು ಶಿಕ್ಷಣವಲ್ಲ, ಅಣಕ. ಆದರೆ ಕೈಪಂಪು ಕೆಟ್ಟ ದಿನ ಜನ ಮತ್ತೆ ಹಳೆಯ ಬಾವಿಗೇ ಹೋಗುತ್ತಿದ್ದರು ಎಂಬುದೂ ನಿಜ. ಆ ದಿನ ಕೈಯಲ್ಲಿ ಉಳಿಯುತ್ತಿದ್ದದ್ದು ತಿಳಿವಳಿಕೆ ಮತ್ತು ಬಟ್ಟೆಯ ತುಂಡು. ಒಂದು ಇನ್ನೊಂದರ ಬದಲಿಗೆ ನಿಲ್ಲಲಾರದು.

ಭಾರತದ ಕೊನೆಯ ನಾರುಹುಣ್ಣು ರೋಗಿ ಪತ್ತೆಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. 1980ರ ದಶಕದ ನಡುವಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನಕ್ಕೆ ಬರುತ್ತಿದ್ದ ರೋಗ, 2023ರಲ್ಲಿ ಆಫ್ರಿಕಾದ ಕೆಲವೇ ದೇಶಗಳ 14 ಜನರಿಗೆ ಮಾತ್ರ ಬಂತು. ಚಾಡ್ ದೇಶದಲ್ಲಿ ನಾಯಿಗಳಲ್ಲಿಯೂ ಈ ಹುಳ ಕಾಣಿಸಿಕೊಂಡದ್ದರಿಂದ ಕೊನೆಯ ಹೆಜ್ಜೆ ಕಷ್ಟವಾಗಿದೆ.

ಫೆಡ್ಚೆಂಕೊ ಕಂಡದ್ದಕ್ಕೂ ಜೋಧಪುರದ ಕೊನೆಯ ರೋಗಿಗೂ ನಡುವೆ 126 ವರ್ಷ. ಮೂರ್ತಿಯವರ ಮೀನಿನಿಂದ ಲೆಕ್ಕ ಹಾಕಿದರೂ 60. ಆ ಅರುವತ್ತು ವರ್ಷಗಳಲ್ಲಿ ಕಂಡುಹಿಡಿಯಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಹೇಳಬೇಕಾದದ್ದು ಉಳಿದಿತ್ತು, ಹೇಳಿದ್ದನ್ನು ನಡೆಸಲು ಬೇಕಾದ ನೀರನ್ನು ಕೊಡುವುದು ಉಳಿದಿತ್ತು.

ಇವತ್ತಿನ ನಮ್ಮ ಸಾಮಾನ್ಯ ರೋಗಗಳನ್ನು ನೋಡಿದರೂ ಅದೇ ಅಂತರ ಕಾಣುತ್ತದೆ. ಕ್ಷಯದ ರೋಗಿಗೆ ಗುಳಿಗೆ ಶುರುಮಾಡಿದ ಕೆಲವೇ ವಾರದಲ್ಲಿ ಕೆಮ್ಮು, ಜ್ವರ ಇಳಿಯುತ್ತದೆ. ಆರು ತಿಂಗಳು ಯಾಕೆ ನುಂಗಬೇಕೆಂದು ಅವನ ದೇಹ ಹೇಳುವುದಿಲ್ಲ, ಯಾರಾದರೂ ಕೂತು ಹೇಳಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ವರ್ಷಗಟ್ಟಲೆ ನೋವಿಲ್ಲದೆ ಒಳಗೇ ಬೆಳೆಯುತ್ತವೆ, ಆ ಹುಳದ ಹಾಗೆ. ಕಾರಣಕ್ಕೂ ನೋವಿಗೂ ನಡುವೆ ಕಾಲ ಎಷ್ಟು ಹೆಚ್ಚೋ, ರೋಗಿಯೊಡನೆ ಮಾತಾಡಬೇಕಾದ ಹೊಣೆಯೂ ಅಷ್ಟೇ ಹೆಚ್ಚು. ಎರಡು ನಿಮಿಷದಲ್ಲಿ ಚೀಟಿ ಬರೆದು ಮುಂದಿನವರನ್ನು ಕರೆಯುವ ಕೊಠಡಿಗಳಲ್ಲಿ ಆ ಲೋಟವನ್ನು ಬಿಸಿಲಿಗೆ ಹಿಡಿದು ತೋರಿಸುವವರು ಯಾರು?

ನಮ್ಮೂರಿಗೆ ಈಗ ನಲ್ಲಿ ಬಂದಿದೆ. ಅಜ್ಜಿ ಈಗಲೂ ನಲ್ಲಿಯ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟುತ್ತಾಳೆ. ಅದನ್ನು ಕಲಿಸಿದ್ದು ಯಾರೆಂದು ಕೇಳಿದೆ. ಬಹಳ ವರ್ಷದ ಹಿಂದೆ ಚೀಲ ಹಾಕಿಕೊಂಡು ಬಂದಿದ್ದ ಒಬ್ಬ ನರ್ಸಮ್ಮ ಎಂದಳು. ಹೆಸರು ನೆನಪಿಲ್ಲ. ಯಾಕೆ ಕಟ್ಟಬೇಕೆಂದು ಆಕೆ ಹೇಳಿದ್ದಳೋ ಇಲ್ಲವೋ ಅದೂ ನೆನಪಿಲ್ಲ. ಹೇಳಿದ್ದಿದ್ದರೆ ನನ್ನನ್ನು ಆ ಪ್ರಶ್ನೆ ಕೇಳುತ್ತಿರಲಿಲ್ಲವೇನೋ.