ಶಿನ್‌ಕೇ: ಎದೊ ವೈದ್ಯರು ನರಕ್ಕಿಟ್ಟ ಹೆಸರು

ಜಪಾನಿ ಕಲಿಯುವವರಿಗೆ ದೇಹ, ಆರೋಗ್ಯದ ಪಾಠಗಳಲ್ಲಿ ಸಿಗುವ ಪದಗಳಲ್ಲಿ ‘ಶಿನ್‌ಕೇ’ ಒಂದು. ನರ ಎಂದರ್ಥ. ನರದ ನೋವಿಗೆ ಶಿನ್‌ಕೇತ್ಸೂ ಎನ್ನುತ್ತಾರೆ. ಆಟೋಟದಲ್ಲಿ ಚುರುಕಾದ ಮಗುವಿನ ‘ಉಂದೋ ಶಿನ್‌ಕೇ’ ಚೆನ್ನಾಗಿದೆ ಎನ್ನುತ್ತಾರೆ. ಎದುರಿನವರ ಮನಸ್ಸು ನೊಂದರೂ ಅರಿವಿಗೆ ಬಾರದವನು ಮುಶಿನ್‌ಕೇ. ಇಷ್ಟು ಮನೆಮಾತಾಗಿರುವ ಪದ ಜನರ ಬಾಯಲ್ಲಿ ತಾನಾಗಿ ಹುಟ್ಟಿದ್ದಲ್ಲ. 1774ರಲ್ಲಿ ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೊದಲ್ಲಿ, ಅಚ್ಚಾದ ‘ಕೈತಾಯ್ ಶಿನ್‌ಶೊ’ ಎಂಬ ಅಂಗರಚನಾ ಗ್ರಂಥಕ್ಕಾಗಿ ವೈದ್ಯರು ಇದನ್ನು ಕಟ್ಟಿದರು. ಚೀನೀ ವೈದ್ಯದ ಹಳೆಯ ನಂಬಿಕೆಗಳನ್ನು ಡಚ್ಚರ ವಿಜ್ಞಾನ ಸೋಲಿಸಿದ ಕಥೆಯಾಗಿಯೇ ಈ ಗ್ರಂಥದ ಇತಿಹಾಸವನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಕಥೆ ಅರ್ಧ ಮಾತ್ರ ನಿಜ. ಹಳೆಯ ವಿದ್ಯೆಯಲ್ಲಿ ಮುಳುಗೆದ್ದವರಿಂದಲೇ ಈ ಪದ ಹುಟ್ಟಲು ಸಾಧ್ಯವಾಯಿತು ಎಂಬುದಕ್ಕೆ ಗ್ರಂಥದೊಳಗೇ ಸಾಕ್ಷ್ಯವಿದೆ.

1771ರ ವಸಂತದಲ್ಲಿ ಎದೊದ ವಧಾಸ್ಥಾನದಲ್ಲಿ ನಡೆದ ಶವಚ್ಛೇದನದಿಂದ ಹೊರಡಬೇಕು. ನೋಡಲು ಬಂದವರಲ್ಲಿ ಸುಗಿತಾ ಗೆನ್‌ಪಾಕು, ಮಾಎನೊ ರ್ಯೋತಾಕು, ನಾಕಾಗಾವಾ ಜುನ್‌ಆನ್ ಎಂಬ ಮೂವರು ವೈದ್ಯರಿದ್ದರು. ಗೆನ್‌ಪಾಕು ಮತ್ತು ರ್ಯೋತಾಕು ಇಬ್ಬರ ಕೈಯಲ್ಲೂ ಒಂದೇ ಪುಸ್ತಕ: ಜರ್ಮನಿಯ ಯೋಹಾನ್ ಆಡಮ್ ಕುಲ್ಮುಸ್ ಬರೆದ ಅಂಗರಚನಾ ಚಿತ್ರಪಟಗಳ ಡಚ್ ಅನುವಾದ, 1734ರ ಮುದ್ರಣ. ಕತ್ತಿ ಹಿಡಿದವನು ವೈದ್ಯನಲ್ಲ. ಸಮಾಜ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಸಮುದಾಯದ, ತೊಂಬತ್ತು ವರ್ಷದ ಒಬ್ಬ ಮುದುಕ. ಗೆನ್‌ಪಾಕು ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ, 1815ರಲ್ಲಿ ಬರೆದ ನೆನಪುಗಳಲ್ಲಿ ಈತನನ್ನು ಚಿತ್ರಿಸಿದ್ದಾರೆ. ಹೃದಯ, ಯಕೃತ್ತು, ಪಿತ್ತಕೋಶ ಎಂದು ಒಂದೊಂದನ್ನೂ ತೋರಿಸುತ್ತ ಬಂದ ಮುದುಕ ಮತ್ತೆ ಕೆಲವನ್ನು ಬೊಟ್ಟುಮಾಡಿ, ಇವುಗಳ ಹೆಸರು ತನಗೆ ತಿಳಿಯದು, ಆದರೆ ಚಿಕ್ಕಂದಿನಿಂದ ತಾನು ಸೀಳಿದ ಎಲ್ಲ ದೇಹಗಳಲ್ಲೂ ಇವು ಇದ್ದವು ಎಂದನಂತೆ. ಡಚ್ ಚಿತ್ರಗಳೊಂದಿಗೆ ಹೋಲಿಸಿದಾಗ ಅವು ರಕ್ತನಾಳಗಳು ಮತ್ತು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳೆಂದು ತಿಳಿಯಿತು. ಆ ಮುದುಕನ ಕೈಗೆ ದೇಹ ಚೆನ್ನಾಗಿ ಗೊತ್ತಿತ್ತು. ಆದರೆ ಅವನಿಂದ ಕೇಳಿ ಬರೆದಿಡುವ ಯೋಚನೆ ಅದುವರೆಗೆ ಬಂದಿದ್ದ ವೈದ್ಯರಿಗೆ ಹೊಳೆದಿರಲಿಲ್ಲ. ಕಣ್ಣಾರೆ ಕಂಡ ಮಾತ್ರಕ್ಕೆ ಶಾಸ್ತ್ರ ಹುಟ್ಟುವುದಿಲ್ಲ. ಕ್ಯೋಟೋದ ಯಾಮಾವಾಕಿ ತೋಯೊ 1754ರಲ್ಲೇ ಶವಚ್ಛೇದನ ನೋಡಿ 1759ರಲ್ಲಿ ಪುಸ್ತಕವನ್ನೂ ತಂದಿದ್ದರು. ಆದರೆ ಅದರಲ್ಲಿ ಸಣ್ಣ ಕರುಳು, ದೊಡ್ಡ ಕರುಳುಗಳು ಬೇರೆಬೇರೆಯಾಗಿ ಕಾಣಿಸಲಿಲ್ಲ.

ವಧಾಸ್ಥಾನದಿಂದ ಹಿಂತಿರುಗಿದ ಮರುದಿನವೇ ಮೂವರೂ ರ್ಯೋತಾಕುವಿನ ಮನೆಯಲ್ಲಿ ಸೇರಿ ಅನುವಾದಕ್ಕೆ ಕೂತರು. ಡಚ್ ಅಲ್ಪಸ್ವಲ್ಪ ಬರುತ್ತಿದ್ದುದು ರ್ಯೋತಾಕುವಿಗೆ ಮಾತ್ರ. ಸುಮಾರು ನಾಲ್ಕು ವರ್ಷಗಳಲ್ಲಿ ಹಸ್ತಪ್ರತಿಯನ್ನು ಹನ್ನೊಂದು ಸಲ ತಿದ್ದಿ ಬರೆದೆ ಎನ್ನುತ್ತಾರೆ ಗೆನ್‌ಪಾಕು. ಅನುವಾದದ ಬೆನ್ನೆಲುಬಾಗಿದ್ದ ರ್ಯೋತಾಕುವಿನ ಹೆಸರು ಅನುವಾದಕರ ಸಾಲಿನಲ್ಲಿ ಇಲ್ಲ. ಕಾರಣ ಏನೇ ಇರಲಿ, ಆ ಕೊರತೆ ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಗ್ರಂಥದ ಆರಂಭದಲ್ಲಿ ಅನುವಾದದ ಮೂರು ಬಗೆಗಳ ವಿವರಣೆಯಿದೆ. ನನ್ನ ವಾದಕ್ಕೆ ಮುಖ್ಯ ಆಧಾರ ಅದೇ. ಡಚ್ಚಿನ ‘ಬೇಂದರೆನ್’ ಎಂದರೆ ಮೂಳೆ, ಅದಕ್ಕೆ ಪದ ಮೊದಲೇ ಇತ್ತು. ‘ಕ್ರಾಕ್‌ಬೇನ್’ಗೆ ಸಿದ್ಧ ಪದ ಇರಲಿಲ್ಲ, ಅರ್ಥ ಹಿಡಿದು ‘ನಾನ್‌ಕೊತ್ಸು’ ಎಂದು ಕಟ್ಟಿದರು: ಮೆತ್ತನೆಯ ಮೂಳೆ. ‘ಕ್ಲೀರ್’ ಎಂಬ ಗ್ರಂಥಿಗೆ ಹೊಂದುವ ಪದವೂ ಇಲ್ಲ, ಅರ್ಥವೂ ಬಗೆಹರಿಯಲಿಲ್ಲ. ಆದ್ದರಿಂದ ಅದರ ಉಚ್ಚಾರಣೆಯನ್ನೇ ಚೀನೀ ಅಕ್ಷರಗಳಲ್ಲಿ ‘ಕಿರೀರು’ ಎಂದು ಬರೆದಿಟ್ಟರು. ಇವುಗಳಲ್ಲಿ ನಾನ್‌ಕೊತ್ಸು ಇಂದಿಗೂ ಆಸ್ಪತ್ರೆಯಲ್ಲೂ ಅಡುಗೆಮನೆಯಲ್ಲೂ ಬಳಕೆಯಲ್ಲಿದೆ. ಕಿರೀರು ಉಳಿಯಲಿಲ್ಲ. ಹಳೆಯ ವಿದ್ಯೆ ಕೈಕೊಟ್ಟ ಕಡೆ ಹೊಸ ಪದ ಬೇರೂರಲಿಲ್ಲ.

ನರದ ಪದ ಹುಟ್ಟಿದ್ದೂ ಅರ್ಥ ಹಿಡಿದೇ. ಚೀನೀ ವೈದ್ಯದಲ್ಲಿ ‘ಶಿನ್‌ಕಿ’ ಎಂದರೆ ಚೈತನ್ಯಶಕ್ತಿ, ‘ಕೇಮ್ಯಾಕು’ ಎಂದರೆ ಆ ವೈದ್ಯದ ಪ್ರಕಾರ ಪ್ರಾಣಶಕ್ತಿ ಹರಿಯುವ ಮಾರ್ಗಗಳು. ಎರಡರಿಂದ ಒಂದೊಂದು ಅಕ್ಷರ ತೆಗೆದು ಶಿನ್‌ಕೇ ಮಾಡಿದರು. ಇಡೀ ಗ್ರಂಥ ಬರೆದದ್ದೂ ಆಡುವ ಜಪಾನಿಯಲ್ಲಲ್ಲ, ವಿದ್ವಾಂಸರು ಬಳಸುತ್ತಿದ್ದ ಶಾಸ್ತ್ರೀಯ ಚೀನೀ ಶೈಲಿಯಲ್ಲಿ. ಹಳೆಯ ಪದ್ಧತಿಯ ವೈದ್ಯರು ಓದುತ್ತಿದ್ದುದು ಆ ಭಾಷೆಯನ್ನೇ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಕೇಮ್ಯಾಕು, ಎಂದರೆ ಸೂಜಿಚಿಕಿತ್ಸೆಯ ಮಾರ್ಗಗಳು, ಶವದಲ್ಲಿ ಎಲ್ಲೂ ಕಾಣಸಿಗವು. ಹಾಗಿದ್ದ ಮೇಲೆ ಅದೇ ಪದವನ್ನು ನರಕ್ಕೆ ಅಂಟಿಸಿ ತಪ್ಪು ಸಿದ್ಧಾಂತವನ್ನು ಹೊಸ ಶಾಸ್ತ್ರದೊಳಕ್ಕೆ ನುಸುಳಿಸಿದಂತಾಗಲಿಲ್ಲವೇ? ಆಕ್ಷೇಪದಲ್ಲಿ ತೂಕವಿದೆ. ಆದರೆ ಆ ಕಾಲದ ಯುರೋಪಿನಲ್ಲೂ ಬಹಳಷ್ಟು ವೈದ್ಯರು ನರಗಳೊಳಗೆ ಸೂಕ್ಷ್ಮ ದ್ರವವೋ ಚೈತನ್ಯವೋ ಹರಿಯುತ್ತದೆ ಎಂದೇ ನಂಬಿದ್ದರು. ಕಪ್ಪೆಯ ಕಾಲು ಮತ್ತು ವಿದ್ಯುತ್ತಿನ ಪ್ರಯೋಗಗಳನ್ನು ಗ್ಯಾಲ್ವಾನಿ ಪ್ರಕಟಿಸಿದ್ದು 1791ರಲ್ಲಿ, ಎದೊದ ಪುಸ್ತಕ ಬಂದು ಹದಿನೇಳು ವರ್ಷಗಳ ನಂತರ. ಹಾಗಾಗಿ ಚೈತನ್ಯದ ಹಾದಿ ಎಂಬ ಹೆಸರು 1774ರ ಮಟ್ಟಿಗೆ ಯುರೋಪಿನ ತಿಳಿವಳಿಕೆಗೂ ಹತ್ತಿರವೇ ಇತ್ತು. ಪುಸ್ತಕದಲ್ಲಿ ತಪ್ಪುಗಳಿದ್ದವು, ನಿಜ. ಗೆನ್‌ಪಾಕುವಿನ ಶಿಷ್ಯ ಓತ್ಸುಕಿ ಗೆಂತಾಕು ತಿದ್ದಿದ ಆವೃತ್ತಿ 1826ರಲ್ಲಿ ಬಂತು.

ಗೆನ್‌ಪಾಕು ಮುಪ್ಪಿನಲ್ಲಿ ಬರೆದ ನೆನಪುಗಳನ್ನು ನಂಬಬಹುದೇ ಎಂಬ ಪ್ರಶ್ನೆಯೂ ಇದೆ. ಮೂಗನ್ನು ವರ್ಣಿಸುವ ಒಂದು ಡಚ್ ಪದದ ಅರ್ಥ ಬಿಡಿಸಲು ಪಟ್ಟ ಪಾಡನ್ನು ಅವರು ಸೊಗಸಾಗಿ ಹೇಳುತ್ತಾರೆ, ಆದರೆ ಮೂಲ ಪುಸ್ತಕದಲ್ಲಿ ಆ ಜಾಗದಲ್ಲಿ ಅಂಥ ಪದವೇ ಸಿಗುವುದಿಲ್ಲ. ನಾಲ್ಕು ದಶಕಗಳ ಅಂತರದಲ್ಲಿ ವಿವರಗಳು ಕಲಸಿಹೋಗಿರಬೇಕು. ಹಾಗಾಗಿಯೇ ನೆನಪುಗಳಿಗಿಂತ ಅಚ್ಚಾದ ಪುಟದಲ್ಲಿರುವ ಪದಗಳಿಗೆ ಹೆಚ್ಚು ಬೆಲೆ ಕೊಡಬೇಕು.

ಕಿರೀರು ಖಾಲಿ ಬಿಟ್ಟ ಜಾಗವನ್ನು ಮುಂದಿನ ಪೀಳಿಗೆ ತುಂಬಿತು. ಉದಾಗಾವಾ ಗೆನ್‌ಶಿನ್ 1805ರ ಗ್ರಂಥದಲ್ಲಿ ಗ್ರಂಥಿಗೆ ಹೊಸದೊಂದು ಅಕ್ಷರವನ್ನೇ ರಚಿಸಿದರು: ಒಂದು ಬದಿಗೆ ಮಾಂಸದ ಚಿಹ್ನೆ, ಇನ್ನೊಂದು ಬದಿಗೆ ಚಿಲುಮೆ. ಚೀನೀ ಬರಹದ ಕಟ್ಟುನಿಟ್ಟು ತಿಳಿಯದವರಿಗೆ ಇದು ಆಗದ ಕೆಲಸ. ಚೀನಾದಲ್ಲಿ ಬ್ರಿಟಿಷ್ ವೈದ್ಯ ಬೆಂಜಮಿನ್ ಹಾಬ್ಸನ್ 1851ರಲ್ಲಿ ಪ್ರಕಟಿಸಿದ ಅಂಗರಚನಾ ಗ್ರಂಥದಲ್ಲಿ ನರಕ್ಕೆ ಬೇರೆಯದೇ ಪದವಿತ್ತು. ಕೊನೆಗೆ ಅದು ಬಳಕೆ ತಪ್ಪಿತು. ಇಂದು ಚೀನಾದ ವೈದ್ಯರು ನರಕ್ಕೆ ಬಳಸುವುದು ಎದೊದಲ್ಲಿ ಕಟ್ಟಿದ ಆ ಎರಡು ಅಕ್ಷರಗಳನ್ನೇ, ಗ್ರಂಥಿಗೆ ಬಳಸುವುದು ಗೆನ್‌ಶಿನ್ ರಚಿಸಿದ ಅಕ್ಷರವನ್ನೇ.